ಬೆಚ್ಚಗಿದ್ದ ಕನ್ನಡಿ

ನಾಲ್ಕೂಕಾಲಿಗೆ ಎದ್ದು ನೀರು ಕಾಯಲಿಡುವುದು. ಗಂಡನ ಸೊಂಟಕ್ಕೆ ಬಿಸಿನೀರಿನ ಚೀಲ. ಅತ್ತೆಯ ಮಾತ್ರೆ ಎರಡು, ಒಂದು ಖಾಲಿ ಹೊಟ್ಟೆಗೆ, ಇನ್ನೊಂದು ತಿಂದ ಮೇಲೆ. ಬೇರೆ ಬೇರೆ ಬಟ್ಟಲಲ್ಲಿ ಇಡದಿದ್ದರೆ ಎರಡೂ ಒಂದೇ ಗುಟುಕಿಗೆ ಇಳಿದುಬಿಡುತ್ತವೆ. ಮಗಳ ಡಬ್ಬಿ. ರಾತ್ರಿಯ ಪಾತ್ರೆ. ಒಣಗಿದ ಬಟ್ಟೆ ಮಡಚಿ, ಒದ್ದೆ ಬಟ್ಟೆ ಹರವಿ, ಒಲೆ ಆರಿಸಿ, ಆರಿಸಿದೆನೋ ಇಲ್ಲವೋ ಎಂದು ಬಾಗಿಲ ತನಕ ಹೋದವಳು ಮತ್ತೆ ಬಂದು ನೋಡುವುದು. ಆಮೇಲೆ ಶೆಡ್ಡಿಗೆ ಹೋಗಿ ವ್ಯಾನಿನ ಬಾನೆಟ್ ಎತ್ತಿ, ಬ್ಯಾಟರಿಯ ಒಂದು ತುದಿಗೆ ಮೀಟರಿನ ಕೆಂಪು ಕಡ್ಡಿ, ಇನ್ನೊಂದಕ್ಕೆ ಕಪ್ಪು ಕಡ್ಡಿ. ಹನ್ನೆರಡೂವರೆ ವೋಲ್ಟ್ ದಾಟಿದ್ದರೆ ಸರಿ. ಮುಂದಿನ ದೀಪ, ಇಂಡಿಕೇಟರ್, ಹಾರ್ನ್. ಬ್ರೇಕ್ ದೀಪ ಉರಿಯುತ್ತದೋ ನೋಡಲು ಅವಳು ಯಾರನ್ನೂ ಎಬ್ಬಿಸುವುದಿಲ್ಲ. ವ್ಯಾನಿನ ಬೆನ್ನು ಗೋಡೆಗೆ ಬರುವಂತೆ ನಿಲ್ಲಿಸಿರುತ್ತಾಳೆ; ಬ್ರೇಕ್ ಒತ್ತಿದಾಗ ಗೋಡೆ ಎರಡೂ ಬದಿಗೆ ಕೆಂಪಾದರೆ ಆಯಿತು.

ಬೆಳಕು ಹರಿಯುವ ಮುಂಚೆ ಮುಗಿಯುವ ಈ ಪಟ್ಟಿಯಲ್ಲಿ ಬಾನೆಟ್‌ನಿಂದ ಈಚಿನದಕ್ಕೆ ಮಾತ್ರ ಆ ಮನೆಯವರು ಕೆಲಸ ಎನ್ನುತ್ತಿದ್ದರು.

ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ನಾಲ್ಕು ಜನರನ್ನು ಅವರವರ ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಆರೂವರೆಗೆ ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಮುಟ್ಟಿಸಬೇಕು. ತಡವಾದರೆ ಯಂತ್ರದ ಸರದಿ ತಪ್ಪಬಹುದು. ಉಳಿದ ದಿನ ಸಿಕ್ಕ ಬಾಡಿಗೆ. ಮೊದಲು ಗಂಡನೇ ಓಡಿಸುತ್ತಿದ್ದ. ಸೊಂಟ ಹಿಡಿದು ವೈದ್ಯರು ಸ್ಟೀರಿಂಗ್ ಮುಟ್ಟಬೇಡಿ ಎಂದ ದಿನದಿಂದ ಅವನು ಹಾಲ್‌ನ ದಿವಾನದ ಮೇಲೆ. ಒಳ್ಳೆಯ ಮನುಷ್ಯ, ಸಿಡುಕಿಲ್ಲ. ಸ್ಟೀರಿಂಗ್ ಮುಟ್ಟಬೇಡಿ ಎಂದದ್ದು ಲೋಟ ತೊಳೆಯುವುದಕ್ಕೂ ಅನ್ವಯಿಸುತ್ತದೆ ಎಂದು ಅವನು ಹೇಗೆ ಅರ್ಥ ಮಾಡಿಕೊಂಡನೋ, ಅದನ್ನು ಅವಳು ಕೇಳಲು ಹೋಗಲಿಲ್ಲ.

ಅವಳಿಗೆ ಹೆಸರಿದ್ದರೂ ಹತ್ತುವವರೆಲ್ಲ ವ್ಯಾನಮ್ಮ ಎಂದೇ ಕರೆದರು. ಲೈಸೆನ್ಸ್ ಮಾಡಿಸಿದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ವ್ಯಾನಿನ ಜೊತೆ ಬಂದ ನಾನೂರು ಪುಟದ ಕೈಪಿಡಿಯನ್ನು ಹತ್ತು ವರ್ಷ ಯಾರೂ ತೆರೆದಿರಲಿಲ್ಲ. ಅವಳು ಅದನ್ನು ಒಲೆಯ ಪಕ್ಕ ಇಟ್ಟುಕೊಂಡು ಓದಿದಳು. ದೀಪಗಳ ಅಧ್ಯಾಯದ ಮೇಲೆ ಈಗಲೂ ಎಣ್ಣೆಯ ಕಲೆ ಇದೆ. ಫ್ಯೂಸ್‌ಗಳ ಪುಟದಲ್ಲಿ ಈರುಳ್ಳಿ ಸಿಪ್ಪೆಯ ಗುರುತು.

ಆ ಓದು ಹುಸಿಹೋಗಲಿಲ್ಲ. ಒಮ್ಮೆ ಎಡಗಡೆಯ ಜಾರುಬಾಗಿಲು ಗುಂಡಿ ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ. ಗ್ಯಾರೇಜಿನ ಎಲೆಕ್ಟ್ರಿಷಿಯನ್ ಮೋಟರ್ ಹೋಗಿದೆ, ಬಾಗಿಲು ಬಿಚ್ಚಬೇಕು ಎಂದು ಸ್ಪ್ಯಾನರ್ ಕೈಗೆತ್ತಿಕೊಂಡ. ಅವಳು ವ್ಯಾನಿನ ಸುತ್ತ ಒಂದು ಸುತ್ತು ಹಾಕಿ, ಪೆಟ್ರೋಲ್ ಹಾಕುವ ಕಡೆಯ ಪುಟ್ಟ ಮುಚ್ಚಳವನ್ನು ಟಪ್ಪೆಂದು ಮುಚ್ಚಿ ಗುಂಡಿ ಒತ್ತಿದಳು. ಬಾಗಿಲು ಮೂರು ಸಲ ಪೀಂ ಎಂದು ಸಲೀಸಾಗಿ ಜಾರಿತು.

“ಇದೇನಕ್ಕಾ ಮಂತ್ರ?”

“ಮಂತ್ರ ಅಲ್ಲಪ್ಪ, ಇನ್ನೂರ ಹನ್ನೊಂದನೇ ಪುಟ. ಆ ಮುಚ್ಚಳ ತೆಗೆದಿದ್ರೆ ಬಾಗಿಲು ಬಂದು ಪೆಟ್ರೋಲ್ ಪೈಪಿಗೆ ಬಡಿಯತ್ತೆ ಅಂತ ಅದೇ ತಡೆಯತ್ತೆ.”

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕಿಟಕಿಯ ಗಾಜು ಅರ್ಧಕ್ಕೆ ನಿಂತರೆ ಗುಂಡಿಯನ್ನು ಮೇಲಕ್ಕೆಳೆದು ಕೆಲವು ಸೆಕೆಂಡು ಹಾಗೇ ಹಿಡಿದರೆ ಅದಕ್ಕೆ ತನ್ನ ಅಳತೆ ನೆನಪಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಒಳದೀಪ ಉರಿಯದಿದ್ದರೆ ಬಲ್ಬ್ ಬದಲಿಸುವ ಮೊದಲು ಮೀಟರ್ ಬೋರ್ಡಿನ ಬೆಳಕು ತಗ್ಗಿಸುವ ಚಕ್ರವನ್ನು ಯಾರಾದರೂ ಪೂರ್ತಿ ಕೆಳಗೆ ತಿರುಗಿಸಿದ್ದಾರೋ ನೋಡಬೇಕೆಂಬುದೂ. ಕಂಡದ್ದನ್ನೆಲ್ಲ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಬರೆದಿಡುತ್ತಿದ್ದಳು: ದಿನ, ತೊಂದರೆ, ಕಾರಣ, ಪರಿಹಾರ. ಕಾರಣದ ಸಾಲಿನಲ್ಲಿ ಎರಡು ಕಡೆ ‘ನಾನು’ ಎಂದೂ ಇತ್ತು. ಒಂದು ಸಲ ಕೀಯನ್ನು ಪೂರ್ತಿ ತಿರುಗಿಸದೆ ಇಳಿದದ್ದು, ಇನ್ನೊಂದು ಸಲ ಹಿಂದಿನ ಗಾಜು ಒರೆಸುವಾಗ ತಂತಿ ಕಿತ್ತದ್ದು. ಪುಸ್ತಕದಲ್ಲಿ ಸುಳ್ಳು ಬರೆದರೆ ನಾಳೆ ಹುಡುಕುವವಳೂ ತಾನೇ ಅಲ್ಲವೇ!

ಅಂಥವಳ ಕೈಯಲ್ಲೇ ವ್ಯಾನು ಒಂದೇ ತಿಂಗಳಲ್ಲಿ ಎರಡು ಸಲ ಕೈಕೊಟ್ಟಿತು. ಬೆಳಿಗ್ಗೆ ಮೀಟರ್ ಇಟ್ಟರೆ ಹನ್ನೊಂದು. ಕೀ ತಿರುಗಿಸಿದರೆ ಟಿಕ್ ಟಿಕ್ ಸದ್ದು ಬಿಟ್ಟು ಇನ್ನೇನಿಲ್ಲ. ಮೊದಲ ಸಲ ಹಾಲಿನ ಗಾಡಿಯವನನ್ನು ನಿಲ್ಲಿಸಿ ಅವನ ಬ್ಯಾಟರಿಯಿಂದ ಕೇಬಲ್ ಎಳೆದು ಹೊರಡಿಸಿದಳು. ಎರಡನೆಯ ಸಲ ಯಾವ ಗಾಡಿಯೂ ಸಿಗದೆ ನಲವತ್ತು ನಿಮಿಷ ತಡವಾಗಿ, ನಾಲ್ವರಲ್ಲಿ ಒಬ್ಬರಾದ ನಿವೃತ್ತ ಮೇಷ್ಟ್ರ ಸರದಿ ತಪ್ಪಿತು. ಮಧ್ಯಾಹ್ನದವರೆಗೆ ಕಾಲು ಊದಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರು, “ಪರವಾಗಿಲ್ಲ ವ್ಯಾನಮ್ಮ, ನಾನೂ ಎಷ್ಟೋ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದ್ದೆ,” ಎಂದು ನಕ್ಕರು. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಆ ಭಾನುವಾರ ಮೈದುನ ಬಂದ. ಗ್ಯಾರೇಜಿಗೆ ವ್ಯಾನು ಒಯ್ದು ಎಲ್ಲ ನೋಡಿಸಿದ. ಎಲೆಕ್ಟ್ರಿಷಿಯನ್ ಅವಳ ತಲೆಯ ಮೇಲಿಂದ ಮೈದುನನಿಗೇ ಹೇಳಿದ: “ಬ್ಯಾಟರಿ ಚೆನ್ನಾಗಿದೆ, ಡೈನಮೊ ಚೆನ್ನಾಗಿದೆ ಸಾರ್. ಏನೋ ಆನ್ ಬಿಟ್ಟು ಇಳೀತಾರೆ, ಅಷ್ಟೇ.”

ಮನೆಗೆ ಬಂದು ಟೀ ಲೋಟ ಕೆಳಗಿಡುತ್ತ ಮೈದುನ ತೀರ್ಪು ಕೊಟ್ಟ. “ನೋಡಿ ಅತ್ತಿಗೆ, ನಿಮ್ಮ ಮೇಲೆ ಕೋಪ ಇಲ್ಲ. ಇನ್ನೊಂದು ಸಲ ಹೀಗಾದ್ರೆ ಕೀ ನನಗೆ ಕೊಟ್ಬಿಡಿ. ಡ್ರೈವರ್ ಒಬ್ಬ ಇದ್ದಾನೆ. ನೀವು ಮನೆ ನೋಡ್ಕೊಳ್ಳಿ, ಸಾಕು.”

“ಮನೆ ಇಷ್ಟು ದಿನ ಯಾರು ನೋಡ್ತಿದ್ರು?” ಎಂದಳು ಅವಳು.

ಅತ್ತೆ ಮೂಗು ಮುರಿದರು. “ಅವಳ ಮನಸ್ಸು ಎಲ್ಲೋ ಇರತ್ತೆ ಕಣೋ. ನೀನೇ ತಗೊಂಡು ಹೋಗು. ನಂಗಂತೂ ಆ ಗುಂಡಿ ಗಿಂಡಿ ಒಂದೂ ತಿಳಿಯಲ್ಲ, ಆದ್ರೂ ಹೇಳ್ತೀನಿ, ಗಾಡಿ ಗಂಡಸಿನ ಕೈಲಿರಬೇಕು.”

ಗಂಡ ದಿವಾನದ ಮೇಲೆ ಮಗ್ಗುಲಾದ. ಮೈದುನ ಹೊರಡುವಾಗ, “ಶುಕ್ರವಾರ ಬೆಳಿಗ್ಗೆ ನಾನೇ ಬರ್ತೀನಿ. ನಿಮ್ಮ ಪುಸ್ತಕಾನೂ ತೋರಿಸಿ, ಯಾರ ತಪ್ಪು ಅಂತ ಅದರಲ್ಲೇ ಗೊತ್ತಾಗತ್ತೆ,” ಎಂದು ಹೇಳಿಹೋದ.

ಆವತ್ತಿನಿಂದ ಅವಳು ದಿನಕ್ಕೆ ಮೂರು ಸಲ ಬ್ಯಾಟರಿ ಅಳೆದಳು. ಸೋಮವಾರ ಏನಿಲ್ಲ. ಮಂಗಳವಾರ, ಬುಧವಾರ ಏನಿಲ್ಲ. ಗುರುವಾರ ಬಾಡಿಗೆ ಮುಗಿಸಿ ಹತ್ತೂವರೆಗೆ ನಿಲ್ಲಿಸಿದಾಗ ಹನ್ನೆರಡೂಮುಕ್ಕಾಲು ವೋಲ್ಟ್ ಹತ್ತಿರ ಇತ್ತು. ಮಗಳ ಶಾಲೆಗೂ ಸಾಮಾನಿನ ಅಂಗಡಿಗೂ ನಡೆದೇ ಹೋಗಿ ಸಂಜೆ ಐದಕ್ಕೆ ಬಂದು ನೋಡಿದರೆ ಹನ್ನೆರಡೂಕಾಲು. ಇಳಿಯುತ್ತಿದೆ. ಈಗ, ಈ ಗಳಿಗೆಯಲ್ಲೇ, ಏನೋ ಕುಡಿಯುತ್ತಿದೆ.

ತರಕಾರಿ ಬುಟ್ಟಿ, ಚಾಕು ಎರಡನ್ನೂ ಹಿಡಿದು ಅವಳು ಶೆಡ್ಡಿಗೆ ಬಂದಳು. ಈ ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಒಂದು ಕಡೆ. ಫ್ಯೂಸ್ ಮುಟ್ಟಲು ಬಾಗಿಲು ತೆರೆಯಬೇಕು, ತೆರೆದ ಕೂಡಲೇ ಒಳದೀಪ ಉರಿದು ಲೆಕ್ಕವೆಲ್ಲ ಸುಳ್ಳಾಗುತ್ತದೆ. ಅವಳು ಚಾಲಕನ ಬಾಗಿಲು ತೆರೆದಿಟ್ಟು, ಅದರ ಅಂಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಸಿದಳು. ಬಾಗಿಲು ಮುಚ್ಚಿದೆ ಎಂದು ವ್ಯಾನು ನಂಬಿತು. ಬ್ಯಾಟರಿಯ ಕಪ್ಪು ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಿದಳು. ಇನ್ನು ಅರ್ಧ ಗಂಟೆ ಕಾಯಬೇಕು, ವ್ಯಾನಿನೊಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ನಿದ್ದೆಗೆ ಜಾರುವವರೆಗೆ. ಈ ಮನೆಯಲ್ಲಿ ಮಲಗಿಸಬೇಕಾದವರ ಪಟ್ಟಿಗೆ ಇದೂ ಸೇರಿತಲ್ಲ ಎಂದುಕೊಂಡು ಅವಳು ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿಯ ನಾರು ಬಿಡಿಸಿದಳು.

“ಏನೇ, ಸಿಕ್ತಾ?” ಒಳಗಿನಿಂದ ಗಂಡನ ದನಿ.

“ಹುಡುಕ್ತಾ ಇದೀನಿ.”

“ಟೀ ಇಡೋರು ಯಾರಾದ್ರೂ ಇದ್ದಾರಾ ಈ ಮನೇಲಿ?” ಇದು ಅತ್ತೆ.

“ನಿಮ್ಮ ಮಗ ಇದ್ದಾರಲ್ಲ ಅತ್ತೆ!”

ಒಳಗೆ ದಿವಾನ ಕಿರುಗುಟ್ಟಿತು.

ಅರ್ಧ ಗಂಟೆ ಕಳೆದು ಮೀಟರ್ ನೋಡಿದಳು. ನಿದ್ದೆ ಹೋದ ವ್ಯಾನು ಅಬ್ಬಬ್ಬಾ ಎಂದರೆ ಆಂಪಿಯರಿನ ನೂರರಲ್ಲಿ ಮೂರು ಪಾಲು ಕುಡಿಯಬೇಕು. ಇದು ಎಂಬತ್ತೈದು ಪಾಲು ಕುಡಿಯುತ್ತಿತ್ತು. ಬಾನೆಟ್ ಕೆಳಗಿನ ಪೆಟ್ಟಿಗೆಯ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು, ಅಂಕಿ ನೋಡಿ, ಮತ್ತೆ ಅಲ್ಲೇ ಕೂರಿಸಿದಳು. ಅಲುಗಲಿಲ್ಲ. ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಅಲ್ಲಿಯದನ್ನು ಶುರು ಮಾಡಿದಳು. ಒಂದು ಕೀಳುವುದು, ಎದ್ದು ಹೋಗಿ ಮೀಟರ್ ನೋಡುವುದು, ಬಂದು ಬಗ್ಗುವುದು. ಸೊಂಟ ಅವಳಿಗೂ ಇತ್ತು. ಹದಿನೇಳನೆಯದು ಒಂದು ಕಂದು ಫ್ಯೂಸ್. ಅದನ್ನು ಕಿತ್ತು ಹೋಗಿ ನೋಡಿದರೆ ಅಂಕಿ ಧಡಕ್ಕನೆ ಮೂರಕ್ಕೆ ಇಳಿದಿತ್ತು.

ಒಳದೀಪಗಳ ಫ್ಯೂಸ್. ಅದನ್ನು ಮತ್ತೆ ಕೂರಿಸಿ ಅವಳು ಒಂದೊಂದೇ ದೀಪ ನೋಡುತ್ತ ಬಂದಳು. ಚಾವಣಿಯದು ಆರಿತ್ತು. ಡಿಕ್ಕಿಯದೂ ಆರಿತ್ತು. ಮುಂದಿನ ಸಾಮಾನು ಪೆಟ್ಟಿಗೆಯ ಸಂದಿನಲ್ಲಿ ಕತ್ತಲು. ಇನ್ನು ಯಾವ ದೀಪವೂ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬೀಳದ್ದನ್ನು ಕೈಯಿಂದ ನೋಡುವುದು ಅವಳಿಗೆ ಅಭ್ಯಾಸ. ಮಗಳ ಹಣೆ, ಒಲೆಯ ಮೇಲಿನ ಹೆಂಚು, ಗಂಡನ ಬೆನ್ನು, ಎಲ್ಲವನ್ನೂ ಅವಳು ಅಂಗೈಯಿಂದಲೇ ಅಳೆದವಳು. ಚಾವಣಿಗೆ ಉದ್ದಕ್ಕೂ ಅಂಗೈ ಆಡಿಸುತ್ತ ಹೋದಳು. ಚಾಲಕನ ಪಕ್ಕದ ಸೀಟಿನ ಎದುರು, ಬಿಸಿಲು ತಡೆಯಲೆಂದು ಇಳಿಸುವ ಮಡಚು ಹಲಗೆಗೆ ಬಂದಾಗ ಕೈ ನಿಂತಿತು.

ಬೆಚ್ಚಗಿತ್ತು.

ಇಳಿಸಿದಳು. ಹಲಗೆಯ ಒಳಮೈಯಲ್ಲಿ ಅಂಗೈ ಅಗಲದ ಕನ್ನಡಿ. ಅದರ ಜಾರುಮುಚ್ಚಳ ಪೂರ್ತಿ ಸರಿಸದೆ ಅರ್ಧ ತೆರೆದಿತ್ತು. ಎರಡೂ ಬದಿಯ ಪುಟ್ಟ ಬಲ್ಬ್‌ಗಳು ಉರಿಯುತ್ತಿದ್ದವು. ಮುಚ್ಚಳ ಮುಚ್ಚದೆ ಹಲಗೆಯನ್ನು ಮೇಲಕ್ಕೆ ಮಡಚಿದ್ದರಿಂದ ದೀಪ ಚಾವಣಿಯನ್ನು ಬೆಳಗುತ್ತಿತ್ತು, ಯಾರಿಗೂ ಕಾಣದಂತೆ. ಕನ್ನಡಿಯ ಹಿಂದಿನ ಪಟ್ಟಿಯಲ್ಲಿ ಒಂದು ಬಾಚಣಿಗೆ ಸಿಕ್ಕಿಸಿತ್ತು. ಮೂರು ಹಲ್ಲು ಮುರಿದ ಬಾಚಣಿಗೆ, ಅದಕ್ಕೆ ಸುತ್ತಿದ ಒಂದು ಉದ್ದ ಬಿಳಿಕೂದಲು.

ಅವಳು ಆ ಸೀಟಿನಲ್ಲಿ ಕೂತುಬಿಟ್ಟಳು. ಸೀಟು ಸ್ವಲ್ಪ ಹಿಂದಕ್ಕೆ ವಾಲಿತ್ತು, ಗಿಡ್ಡ ಮೈಯೊಂದಕ್ಕೆ ಹದವಾಗಿ. ಕೆಳಗೆ ಕಾಲಿಗೆ ತಗಲಿದ್ದು ಒಂದು ಹಳೆಯ ವಾರಪತ್ರಿಕೆ.

ಹಾಗಾದರೆ ಮಧ್ಯಾಹ್ನ ಎಲ್ಲರೂ ಮಲಗಿ, ಸೊಸೆ ಶಾಲೆಯ ಕಡೆ ಹೋದ ಮೇಲೆ, ಗುಂಡಿ ಗಿಂಡಿ ಒಂದೂ ತಿಳಿಯದ ಅತ್ತೆ ಅಡುಗೆಮನೆಯ ಎತ್ತರದ ಮೊಳೆಯಿಂದ ಎರಡನೆಯ ಕೀಯನ್ನು ಸೌಟಿನ ತುದಿಯಿಂದ ಇಳಿಸಿಕೊಂಡು, ಜಾರುಬಾಗಿಲಿನಿಂದ ಹತ್ತಿ, ಸೀಟುಗಳ ನಡುವೆ ನುಸುಳಿ ಇಲ್ಲಿಗೆ ಬರುತ್ತಿದ್ದರು. ಆ ಕೀ ಎಷ್ಟೋ ಸಲ ಮೊಳೆಯಲ್ಲಿ ತಲೆಕೆಳಗಾಗಿ ತೂಗುತ್ತಿದ್ದುದು ಈಗ ನೆನಪಾಯಿತು. ಜಾರುಬಾಗಿಲಿನ ಪೀಂ ಪೀಂ ಒಮ್ಮೆ ಕೇಳಿ ಮಗಳಿರಬೇಕು ಎಂದುಕೊಂಡದ್ದೂ ನೆನಪಾಯಿತು. ಅತ್ತೆ ಮಲಗುವುದು ಹಾಲ್‌ನಲ್ಲಿ, ಮಗನ ಟಿವಿಯ ಎದುರು. ಮನೆಯ ಒಂದೇ ಕನ್ನಡಿ ಬಚ್ಚಲಿನಲ್ಲಿ, ಐದು ನಿಮಿಷ ನಿಂತರೆ ಯಾರಾದರೂ ಬಾಗಿಲು ತಟ್ಟುತ್ತಾರೆ. ಐವತ್ತು ವರ್ಷ ಈ ಮನೆಯ ಅಡುಗೆ ಮಾಡಿದ ಹೆಂಗಸಿಗೆ ತಾನೇ ಹಾಕಿಕೊಳ್ಳಬಹುದಾದ ಬಾಗಿಲು ಸಿಕ್ಕಿದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದೂ ಗುಂಡಿ ಒತ್ತಿದರೆ ಮುಚ್ಚಿಕೊಳ್ಳುವಂಥದ್ದು.

ಅವಳಿಗೆ ನಗು ಬಂತು. ಹಿಂದೆಯೇ ಮೈಯೆಲ್ಲ ಉರಿಯುವ ಹಾಗೆ ಸಿಟ್ಟೂ ಬಂತು. ಗಾಡಿ ಗಂಡಸಿನ ಕೈಲಿರಬೇಕಂತೆ! ಈ ಬಾಚಣಿಗೆಯನ್ನು ನಾಳೆ ಮೈದುನನ ಮುಂದೆ ಇಟ್ಟರೆ ಸಾಕು. ಪುಸ್ತಕದ ಕಾರಣದ ಸಾಲಿನಲ್ಲಿ ‘ಅತ್ತೆ’ ಎಂದು ಎರಡು ಅಕ್ಷರ ಬರೆದರೆ ಸಾಕು. ಕೀ ಅವಳದೇ. ಆಮೇಲೆ ಮೈದುನ ಮನೆ ತುಂಬ ನಗುತ್ತಾನೆ, ಎರಡನೆಯ ಕೀಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ, ಅತ್ತೆ ಮತ್ತೆ ಟಿವಿಯ ಎದುರು ಕೂರುತ್ತಾರೆ. ಬರೆಯದಿದ್ದರೆ ಅವನು ಕೇಳುವ ಪ್ರಶ್ನೆ ಒಂದೇ: ದೀಪ ಹಚ್ಚಿಟ್ಟವರು ಯಾರು?

ಮಾಡಬೇಕಾದ ಕೆಲಸ ಮೊದಲು. ಡಿಕ್ಕಿಗೆಂದು ತಂದಾಗ ಮಿಕ್ಕಿದ್ದ ಎರಡು ಎಲ್ಇಡಿ ಬಲ್ಬ್ ಸಾಮಾನು ಪೆಟ್ಟಿಗೆಯಲ್ಲಿದ್ದವು. ಹಳೆಯವನ್ನು ಬಟ್ಟೆಯಲ್ಲಿ ಹಿಡಿದು ಕಿತ್ತು ಹೊಸವನ್ನು ಕೂರಿಸಿದಳು. ಒಂದು ಉರಿಯಲಿಲ್ಲ; ತಿರುಗಿಸಿ ಹಾಕಿದಾಗ ಉರಿಯಿತು. ಮುಚ್ಚಳವನ್ನು ಬೇಕೆಂದೇ ತೆರೆದಿಟ್ಟು ಹಲಗೆ ಮಡಚಿ, ಹೋಗಿ ಮೀಟರ್ ನೋಡಿದಳು. ಎಂಟು ಪಾಲು. ಇನ್ನು ಇದು ರಾತ್ರಿಯಿಡೀ ಉರಿದರೂ ಬೆಳಿಗ್ಗೆ ವ್ಯಾನು ಗುಟುರು ಹಾಕಿ ಏಳುತ್ತದೆ. ಮೀಟರ್ ತೆಗೆದು ಕಪ್ಪು ತಂತಿ ಬಿಗಿದು, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿದಳು. ನಾಲ್ಕು ಕಿಟಕಿಯ ಗುಂಡಿಗಳನ್ನೂ ಎಳೆದು ಹಿಡಿದು ಗಾಜುಗಳಿಗೆ ಅವುಗಳ ಅಳತೆ ನೆನಪಿಸಿದಳು.

ಆಮೇಲೆ ನೋಟ್‌ಬುಕ್ ತೆರೆದು ಸ್ಟೀರಿಂಗಿನ ಮೇಲೆ ಇಟ್ಟುಕೊಂಡಳು. ತೊಂದರೆ: ಬ್ಯಾಟರಿ ಇಳಿಯುವುದು. ಕಾರಣದ ಸಾಲಿಗೆ ಬಂದಾಗ ಪೆನ್ನು ತುಂಬ ಹೊತ್ತು ನಿಂತಿತು. ಕೊನೆಗೆ ಬರೆದಳು: ‘ಕನ್ನಡಿಯ ದೀಪ. ಕೀ ತೆಗೆದರೂ ಆರದ ಹಾಗೆ ಕಂಪನಿಯವರೇ ಮಾಡಿದ್ದಾರೆ. ಹಳೆಯ ಬಲ್ಬ್ ಬಹಳ ಎಳೆಯುತ್ತದೆ.’ ಒಂದಕ್ಷರವೂ ಸುಳ್ಳಲ್ಲ. ಪರಿಹಾರ: ‘ಎರಡೂ ಬದಲಿಸಿದೆ.’ ಅವನು ಯಾರು ಎಂದು ಕೇಳಲಿ. ಅತ್ತಿಗೆಯೇ ಎಂದುಕೊಳ್ಳಲಿ ಬೇಕಾದರೆ. ವ್ಯಾನು ಹೊರಡುತ್ತದೆ, ನಾಲ್ಕು ಜನ ಕಾಯುತ್ತಿರುತ್ತಾರೆ, ಅವಳಿಗೆ ಅಲ್ಲಿ ನಿಂತು ವಾದಿಸಲು ಪುರುಸೊತ್ತಿರುವುದಿಲ್ಲ. ಕೀ ಕೊಡುವುದಂತೂ ಇಲ್ಲ.

ಬಾಚಣಿಗೆಯನ್ನು ಇದ್ದ ಹಾಗೆಯೇ ಸಿಕ್ಕಿಸಿದಳು. ಬಿಳಿಕೂದಲನ್ನೂ ತೆಗೆಯಲಿಲ್ಲ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಉಕ್ಕಿಹೋದ ಟೀ, ಯಾರ ಕೈಕೆಲಸ ಎಂದು ಕೇಳಬೇಕಿಲ್ಲ. ತನ್ನ ಕೀಯನ್ನು ಅವಳು ಜೇಬಿನೊಳಗೆ ಹಾಕಿಕೊಂಡಳು. ಎರಡನೆಯದನ್ನು ಎತ್ತರದ ಮೊಳೆಯಿಂದ ಇಳಿಸಿ, ಕೆಳಗೆ ಸೌಟು ತೂಗುಹಾಕುವ ಮೊಳೆಗೆ ಹಾಕಿದಳು, ಗಿಡ್ಡ ಮೈಯವರ ಕೈಗೂ ಎಟಕುವ ಹಾಗೆ.