ರಾಟೆ ತೊಟ್ಟಿಲಿಗೆ ಒಂದು ಹುಣಸೆ ಬೀಜ

ಹುಣಸೆಹಣ್ಣು ಬಿಡಿಸುವಾಗ ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಳ್ಳುವುದು ನನ್ನ ಕೈಕೆಲಸ ನೋಡಿ ಅಲ್ಲ, ಮಾತಿಗೆ ಯಾರಾದರೂ ಬೇಕು ಅಂತ. ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ, ಹಣ್ಣು ಒಂದು ಕಡೆ, ಬೀಜ ಒಂದು ಕಡೆ, ನಾರು ಒಂದು ಕಡೆ ಮಾಡುತ್ತೇವೆ. ಅಕ್ಕನ ಗುಡ್ಡೆಗಳು ಬೇರೆ ಬೇರೆ ಇರುತ್ತವೆ. ನನ್ನವು ಕೂಡು ಕುಟುಂಬದ ಹಾಗೆ ಒಂದರಲ್ಲೊಂದು ಬೆರೆತಿರುತ್ತವೆ. ಮೊನ್ನೆ ಒಂದು ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತ ಕೂತುಬಿಟ್ಟಿದ್ದೆ. "ಏನೇ ಅದು, ಬಂಗಾರ ಸಿಕ್ಕಂಗ ನೋಡಾಕತ್ತೀ?" ಅಂದಳು ಅಕ್ಕ.

ಬಂಗಾರವಲ್ಲ. ನಾನು ಈ ಜನ್ಮದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಚಿತ್ರ ನೆಟ್ಟಗೆ ನಿಂತದ್ದು ಇಂಥ ಬೀಜಗಳ ದಯೆಯಿಂದ. ಆ ಕಥೆ ಕೇಳಿ ಕೇಳಿ ಅಕ್ಕನಿಗೆ ಸಾಕಾಗಿದೆ. ನೀವು ಹೊಸಬರು, ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾನು ಗಣಿತದ ಟೀಚರ್. ಆಗ ಸಿರುಗುಪ್ಪದಲ್ಲಿ ರೂಮು ಮಾಡಿಕೊಂಡು, ಭತ್ತದ ಗದ್ದೆಗಳ ನಡುವಿನ ಒಂದು ಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಚಿತ್ರಕಲೆಯ ಮಾಸ್ತರರು ರಿಟೈರ್ ಆದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ಕರೆದು, "ಟೀಚರ್, ಗಣಿತದಾಗೂ ವೃತ್ತ ಐತಿ, ಚಿತ್ರದಾಗೂ ವೃತ್ತ ಐತಿ. ನೀವೇ ತಗೊಂಡುಬಿಡ್ರಿ" ಅಂದರು. ಈ ತರ್ಕಕ್ಕೆ ಏನು ಉತ್ತರ ಕೊಡಬೇಕೋ ನನಗೆ ಇವತ್ತಿಗೂ ಹೊಳೆದಿಲ್ಲ.

ನನ್ನ ಚಿತ್ರಕಲೆಯ ಬಗ್ಗೆ ಒಂದು ಮಾತು ಹೇಳಿದರೆ ಸಾಕು. ಮೊದಲ ದಿನ ಬೋರ್ಡಿನ ಮೇಲೆ ಆಕಳು ಬರೆದೆ. ಮಕ್ಕಳು ಅದನ್ನು ಮೇಜು ಅಂತ ಗುರುತಿಸಿ, ಟೀಚರ್ ಮೇಜು ಭಾಳ ಚಂದ ಬರೀತಾರ ಅಂತ ಮೆಚ್ಚಿಕೊಂಡವು. ಅವತ್ತಿನಿಂದ ನಾನು ವೃತ್ತಕ್ಕೆ ಶರಣಾದೆ. ದಾರದ ಒಂದು ತುದಿ ಹೆಬ್ಬೆರಳ ಕೆಳಗೆ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತಿದರೆ ಎಂಥ ವೃತ್ತ ಬೇಕಾದರೂ ಬರುತ್ತದೆ. ಸೂರ್ಯ ಬರೆಸಿದೆ, ಉಂಡಿ ಬರೆಸಿದೆ, ಬಂಡಿಯ ಗಾಲಿ ಬರೆಸಿದೆ. ದುಂಡಗಿನ ವಸ್ತುಗಳೆಲ್ಲ ಮುಗಿದಾಗ ಉಳಿದದ್ದು ರಾಟೆ ತೊಟ್ಟಿಲು. ಮಕ್ಕಳ ಬಾಯಲ್ಲಿ ಅದು ಜೈಂಟ್ ವೀಲು.

ಆ ಯಂತ್ರದ ಮೇಲೆ ನನಗೆ ಯಾವ ಪ್ರೀತಿಯೂ ಇರಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡಬೇಕು. ಕುರುಗೋಡಿನಲ್ಲಿ ನಾವು ಸಣ್ಣವರಿದ್ದಾಗ ಊರ ಬಯಲಿಗೆ ಕಟ್ಟಿಗೆಯ ರಾಟೆ ತೊಟ್ಟಿಲು ಬರುತ್ತಿತ್ತು. ನಾಲ್ಕೇ ತೊಟ್ಟಿಲು, ಕೈಯಿಂದ ತಿರುಗಿಸುವುದು. ಅಪ್ಪ ನನ್ನನ್ನೂ ಅಕ್ಕನನ್ನೂ ಒಂದರಲ್ಲಿ ಕೂರಿಸಿದ. ನಮ್ಮ ತೊಟ್ಟಿಲು ನೆಲ ಬಿಟ್ಟು ಆಳೆತ್ತರ ಏರಿತ್ತೋ ಇಲ್ಲವೋ, ನಾನು ಕಿರುಚಿ ಒದರಿದ ರೀತಿಗೆ ತಿರುಗಿಸುವವನು ಗಾಬರಿಯಾಗಿ ನಿಲ್ಲಿಸಿ ಇಬ್ಬರನ್ನೂ ಇಳಿಸಿಬಿಟ್ಟ. ಅಕ್ಕನ ಸುತ್ತೂ ನನ್ನ ಜೊತೆ ಹಾಳಾಯಿತು. ನನಗೆ ಈಗ ಕನ್ನಡಕ ಬಂದಿದೆ, ಅಕ್ಕನಿಗೆ ಮೊಣಕಾಲು ನೋವು ಬಂದಿದೆ, ಅವಳ ಆ ಸಿಟ್ಟು ಮಾತ್ರ ಹೋಗಿಲ್ಲ.

ಇರಲಿ. ಐದನೇ ಕ್ಲಾಸಿನ ಮಕ್ಕಳು ಊಟದ ತಟ್ಟೆ ಬೋರಲು ಹಾಕಿ ವೃತ್ತ ಎಳೆದು ಕೈ ಪಳಗಿಸಿಕೊಂಡ ಮೇಲೆ, ಎಲ್ಲರೂ ಸೇರಿ ಗೋಡೆಗೆ ಒಂದು ದೊಡ್ಡದನ್ನು ಮಾಡೋಣ ಅಂದೆ. ಫ್ರಿಜ್ಜಿನ ರಟ್ಟಿನ ಡಬ್ಬಿ ಕತ್ತರಿಸಿ ಚಕ್ರ ಮಾಡಿ ಗೋಡೆಗೆ ಅಂಟಿಸಿದೆವು. ಒಬ್ಬೊಬ್ಬರೂ ಚೂರು ರಟ್ಟಿನ ಮೇಲೆ ಒಂದು ತೊಟ್ಟಿಲು, ಅದರೊಳಗೆ ತಮ್ಮನ್ನು ತಾವೇ ಬರೆದುಕೊಂಡು ಬಂದು, ಬೇಕಾದ ಕಡೆ ಅಂಟಿಸಬೇಕು. ಎಲ್ಲಕ್ಕಿಂತ ಮೇಲಿನ ತೊಟ್ಟಿಲನ್ನು ಗೌರವಕ್ಕೆ ಹೆಡ್‌ಮಾಸ್ತರರಿಗೆ ಬಿಟ್ಟು, ಕನ್ನಡಕ ಹಾಕಿದ ಅವರ ಚಿತ್ರ ಬರೆದು ಅಂಟಿಸಿದರು. ಉಳಿದದ್ದಕ್ಕೆ ನೂಕಾಟವಾಯಿತು.

ಅದೇ ಕ್ಲಾಸಿನ ಹುಲಿಗೆಮ್ಮ ಅವತ್ತು ಬಂದಿರಲಿಲ್ಲ. ಅವಳವ್ವ ನಾಟಿಗೆ ಹೋಗುವಾಗ ಸಣ್ಣ ತಮ್ಮನನ್ನು ನೋಡಿಕೊಳ್ಳಲು ಅವಳು ಮನೆಯಲ್ಲಿ ಉಳಿಯಬೇಕಾಗುತ್ತಿತ್ತು. ಮರುದಿನ ಬಂದಾಗ ಉಳಿದಿದ್ದದ್ದು ಎಲ್ಲಕ್ಕಿಂತ ಕೆಳಗಿನ ಜಾಗ, ಜನ ಹತ್ತಿ ಇಳಿಯುವ ಕಡೆ. ಸುಮ್ಮನೆ ಅಂಟಿಸಿದಳು. ಎರಡು ಜಡೆ, ಕೆಂಪು ರಿಬ್ಬನ್ನು, ಕಿವಿಯವರೆಗೆ ನಗು. ಸ್ವಲ್ಪ ಹೊತ್ತು ನೋಡುತ್ತ ನಿಂತು ಕೇಳಿದಳು. "ಟೀಚರ್, ನಂದು ಯಾವಾಗ ಮ್ಯಾಲ ಬರ್ತೈತ್ರಿ?"

"ಇದು ಚಿತ್ರ ಐತವಾ. ತಿರುಗೂದಿಲ್ಲ."

"ಹಂಗಾರ ನಾನು ಕೆಳಗ ಇರೂದೇನ್ರಿ? ಈ ಶನಿವಾರ ಮುಗಿದ್ರ ನಾವು ಬಳ್ಳಾರಿಗೆ ಹೊಂಟೀವ್ರಿ. ನಮ್ಮವ್ವ ಜೀನ್ಸ್ ಹೊಲಿಯಾಕ ಸೇರ್ಯಾಳ. ವಾಪಸ್ ಬರೂದಿಲ್ಲ."

ಚಿತ್ರಕ್ಕೂ ಸತ್ಯಕ್ಕೂ ಇರುವ ಸಂಬಂಧದ ಬಗ್ಗೆ ಒಳ್ಳೆಯ ಚಿತ್ರಕಲಾ ಶಿಕ್ಷಕರು ಇಲ್ಲಿ ಏನಾದರೂ ಹೇಳುತ್ತಿದ್ದರೇನೋ. ನನಗೆ ಕಂಡದ್ದು ಇಷ್ಟೇ, ಈ ಹುಡುಗಿ ಶಾಲೆ ಬಿಟ್ಟು ಹೋದ ಮೇಲೂ ಗೋಡೆಯ ಮೇಲೆ ಕೆಳಗೇ ಕೂತಿರುತ್ತಾಳೆ. ಸಂಕಟವಾಯಿತು. "ತಿರುಗಿಸೋಣ ಬಿಡು, ಅದೇನು ದೊಡ್ಡ ಮಾತು" ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ನನ್ನ ಕೈಗಿಂತ ಮುಂದೆ ಓಡುತ್ತದೆ.

ಗುರುವಾರ ಚಕ್ರವನ್ನು ಗೋಡೆಯಿಂದ ಬಿಡಿಸಿ, ನಟ್ಟನಡುವೆ ಒಂದೇ ಮೊಳೆ ಹೊಡೆದು ಮತ್ತೆ ಗೋಡೆಗೆ ಹಾಕಿದೆ. ಶುಕ್ರವಾರ ಎಲ್ಲರನ್ನೂ ಕರೆದು, ಏನೋ ಉದ್ಘಾಟನೆಯ ಗತ್ತಿನಲ್ಲಿ ತಿರುಗಿಸಿದೆ. ಚಕ್ರ ಸೊಗಸಾಗಿ ತಿರುಗಿತು. ಹುಲಿಗೆಮ್ಮ ಮೇಲೆ ಬಂದಳು, ತಲೆಕೆಳಗಾಗಿ. ಜಡೆ ಕೆಳಗೆ, ಕಾಲು ಆಕಾಶಕ್ಕೆ. ಕೆಳಗಿಳಿದ ಹೆಡ್‌ಮಾಸ್ತರರು ಕನ್ನಡಕ ಸಮೇತ ಶೀರ್ಷಾಸನ ಹಾಕಿದ್ದರು. ಗದ್ದಲ ಕೇಳಿ ಖುದ್ದು ಹೆಡ್‌ಮಾಸ್ತರರೇ ಬಂದು ನೋಡಿ, "ಟೀಚರ್, ನನ್ನ ಪೆನ್ಶನ್ ಕಾಗದ ಬರೂತನಕಾದ್ರೂ ನೆಟ್ಟಗ ಇಡ್ರಿ" ಅಂದರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಹುಲಿಗೆಮ್ಮ ಮಾತ್ರ ನಗಲಿಲ್ಲ. ಕತ್ತು ವಾರೆ ಮಾಡಿ, ತನ್ನ ಮುಖ ನೆಟ್ಟಗೆ ಕಾಣುತ್ತದೇನೋ ಅಂತ ನೋಡುತ್ತಿದ್ದಳು.

ಉಳಿದದ್ದು ಒಂದೇ ದಿನ. ಆ ಸಂಜೆ ಸಿರುಗುಪ್ಪದಲ್ಲಿ ಬಸ್ಸಿಳಿದು ರೂಮಿಗೆ ಹೋಗದೆ, ಮೈದಾನದಲ್ಲಿ ಹಾಕಿದ್ದ ಎಗ್ಜಿಬಿಷನ್ನಿಗೆ ಹೋದೆ. ಜೈಂಟ್ ವೀಲಿನ ಕೆಳಗೆ ನಿಂತು ಕತ್ತೆತ್ತಿ ನೋಡತೊಡಗಿದೆ. ಟಿಕೆಟಿನವನು ಮೊದಲು "ಬರ್ರಿ ಮೇಡಂ, ಕುಂದರ್ರಿ" ಅಂದ. ಎಷ್ಟು ಹೊತ್ತಾದರೂ ನಾನು ಕದಲದೇ ಇದ್ದಾಗ, "ಯಾರರ ಮ್ಯಾಲ ಅದಾರೇನ್ರಿ ನಿಮ್ಮೋರು?" ಅಂತ ಕನಿಕರದಿಂದ ಕೇಳಿದ. ಇಲ್ಲಪ್ಪ, ಕೊಕ್ಕೆ ನೋಡಾಕ ಬಂದೀನಿ ಅಂದೆ. ಅವನು ಆಮೇಲೆ ನನ್ನನ್ನು ಮಾತಾಡಿಸಲಿಲ್ಲ.

ಕೊಕ್ಕೆ ಇದ್ದದ್ದು ಕೂತವರ ತಲೆಯ ಮೇಲೆ, ಭಾರವೆಲ್ಲ ಅದರ ಕೆಳಗೆ. ಚಕ್ರ ಹೇಗೆ ಬೇಕಾದರೂ ತಿರುಗಲಿ, ತೊಟ್ಟಿಲು ತನ್ನ ಪಾಡಿಗೆ ಜೋತು ನೆಟ್ಟಗೆ ನಿಲ್ಲುತ್ತಿತ್ತು. ನಾನು ಮಕ್ಕಳನ್ನೆಲ್ಲ ಗೋಂದು ಹಾಕಿ ಬಿಗಿದಿದ್ದೆ. ವಿಜ್ಞಾನದ ಟೀಚರ್ ರಜೆ ಹಾಕಿದಾಗ ಗುರುತ್ವ ಕೇಂದ್ರದ ಪಾಠ ಮಾಡುತ್ತಿದ್ದವಳೂ ನಾನೇ ಅನ್ನುವುದನ್ನು ದಯವಿಟ್ಟು ಹೊರಗೆ ಹೇಳಬೇಡಿ.

ಶನಿವಾರ ಬೆಳಗಿನ ಶಾಲೆ. ಎಲ್ಲರಿಗಿಂತ ಮೊದಲು ಹೋಗಿ, ತೊಟ್ಟಿಲುಗಳನ್ನು ಒಂದೊಂದಾಗಿ ಕಿತ್ತು, ನೆತ್ತಿಗೆ ಸಡಿಲವಾಗಿ ಗುಂಡುಪಿನ್ನು ಚುಚ್ಚಿ ತೂಗುಹಾಕಿದೆ. ತಳಕ್ಕೆ ಭಾರ ಬೇಕಲ್ಲ, ಅಡುಗೆಯ ಹುಣಸೆಹಣ್ಣು ಹಿಚುಕಿ ತಂದಿದ್ದ ಬೀಜಗಳನ್ನು ಹಿಂದುಗಡೆ ಒಂದೊಂದು ಅಂಟಿಸಿದೆ. ಮಕ್ಕಳು ಬಂದರು, ಹುಲಿಗೆಮ್ಮನೂ ಬಂದಳು. "ನೀನೇ ತಿರುಗಿಸು" ಅಂದೆ.

ತಿರುಗಿಸಿದಳು. ತೊಟ್ಟಿಲುಗಳು ಕುಡಿದವರ ಹಾಗೆ ಓಲಾಡಿದವು, ಆದರೆ ಒಂದೂ ಉರುಳಲಿಲ್ಲ. ಕೆಂಪು ರಿಬ್ಬನ್ನಿನ ಹುಡುಗಿ ನೆಟ್ಟಗೆ ಕೂತು, ನಗುತ್ತಲೇ ಮೇಲಕ್ಕೆ ಏರಿದಳು. ಹುಲಿಗೆಮ್ಮ ಚಕ್ರವನ್ನು ಅಲ್ಲೇ ಹಿಡಿದು ನಿಂತಳು. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅವಳೇ, "ಸಾಕ್ರಿ, ಕೆಳಗ ಹೆಡ್‌ಮಾಸ್ತರು ಕಾಯಾಕತ್ತಾರ" ಅಂತ ಕೈ ಬಿಟ್ಟಳು.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಟೀಚರ್, ನಿಮ್ಮ ತೊಟ್ಲ ಎಲ್ರಿ?"

"ನಂದಿಲ್ಲವಾ. ನನಗ ಅಂಜಿಕಿ."

"ನನಗೂ ಬಳ್ಳಾರಿಗೆ ಹೋಗಾಕ ಅಂಜಿಕಿ ಐತ್ರಿ" ಅಂದಳು. "ಆದ್ರೂ ಹೊಂಟೀನಲ್ರಿ?"

"ಕೂಡ್ತೀನಿ ಬಿಡು, ಒಂದಿನ" ಅಂದೆ. ಬಾಯಿ ಮತ್ತೆ ಮುಂದೆ ಓಡಿತ್ತು.

ಆಮೇಲೆ ನನಗೂ ಬಳ್ಳಾರಿಗೆ ವರ್ಗವಾಯಿತು. ಶಾಲೆಗೆ ಹೋಗುವ ಆಟೋದಲ್ಲಿ, ಜೀನ್ಸ್ ಹೊಲಿಯುವ ಮನೆಗಳ ಸಾಲು ದಾಟುವಾಗ ಎರಡು ಜಡೆ ಕಂಡರೆ ಈಗಲೂ ತಿರುಗಿ ನೋಡುತ್ತೇನೆ. ಅವಳೀಗ ಜಡೆ ಹಾಕುವ ವಯಸ್ಸು ದಾಟಿರಬೇಕು. ವರ್ಷವರ್ಷ ಊರಿಗೆ ಎಗ್ಜಿಬಿಷನ್ ಬರುತ್ತದೆ, ನಮ್ಮ ಮಾಳಿಗೆಯಿಂದ ಜೈಂಟ್ ವೀಲಿನ ದೀಪ ಕಾಣುತ್ತದೆ. ಆ ದಿನಗಳಲ್ಲಿ ಅದು ಕಣ್ಣಿಗೆ ಬೀಳದಿರಲಿ ಅಂತ ನಾನು ಒಣಗಿದ ಬಟ್ಟೆ ತರಲು ಅಕ್ಕನನ್ನೇ ಮೇಲಕ್ಕೆ ಕಳಿಸುತ್ತೇನೆ. ಅವಳ ಮೊಣಕಾಲು ನೋವಿನಲ್ಲಿ ನನ್ನ ಪಾಲೂ ಇದೆ.

"ಅಕ್ಕಾ," ಅಂದೆ ಮೊನ್ನೆ, ಆ ಬೀಜ ಹಿಡಿದುಕೊಂಡೇ, "ಸಂಜಿಗೆ ಎಗ್ಜಿಬಿಷನ್ನಿಗೆ ಹೋಗೂನೇನು? ಜೈಂಟ್ ವೀಲ್ ಹತ್ತೂನು."

ಅಕ್ಕನ ಕೈ ನಿಂತಿತು. "ಒದರಿ ಮತ್ತ ನನ್ನ ಇಳಿಸ್ತೀಯೇನು?"

"ಒದರ್ತೀನಿ. ಇಳಿಯೂದಿಲ್ಲ."

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹುಣಸೆಹಣ್ಣನ್ನು ಹಾಗೇ ಬಿಟ್ಟು, ಕೈ ತೊಳೆಯಲು ಎದ್ದಳು. ಸಂಜೆಗೆ ಇನ್ನೂ ಬಹಳ ಹೊತ್ತಿತ್ತು. ನನ್ನ ಮೈಯ ಭಾರ ಯಾವ ತೊಟ್ಟಿಲನ್ನಾದರೂ ನೆಟ್ಟಗೆ ನಿಲ್ಲಿಸಲು ಧಾರಾಳ ಸಾಕು ಅನ್ನುವುದು ಗಣಿತದವಳಾದ ನನಗೆ ಗೊತ್ತು. ಆದರೂ ಅಕ್ಕ ಒಳಗೆ ಹೋದ ಮೇಲೆ ಆ ಬೀಜವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.