ಗೋಡೆಗೆ ಮುಖ ಮಾಡಿ ಮಲಗಿದ್ದವಳು

ನಾವು ವಿಜಯವಾಡಕ್ಕೆ ಹೋದದ್ದು ಎಂಬತ್ತರ ದಶಕದ ನಡುವೆ, ನನ್ನ ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾದಾಗ. ನಾನು ಗದಗಿನ ಒಂದು ಪ್ರಾಟೆಸ್ಟಂಟ್ ಮನೆಯ ಮಗಳು. ತೆಲುಗು ನನಗೆ ರೇಡಿಯೋದಲ್ಲಿ ಆಗಾಗ ಕಿವಿಗೆ ಬಿದ್ದ ಭಾಷೆ, ಅಷ್ಟೇ. ಬೆಂಜ್ ಸರ್ಕಲ್ಲಿನ ಹಿಂದಿನ ಓಣಿಯೊಂದರಲ್ಲಿ ಕೆಳಗಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆವು. ಇನ್ನೂ ಮಕ್ಕಳಿರಲಿಲ್ಲ. ಗಂಡ ಬೆಳಿಗ್ಗೆ ಹೋದರೆ ಸಂಜೆಯವರೆಗೆ ನಾನು ಮಾತಾಡುತ್ತಿದ್ದುದು ತರಕಾರಿಯವಳ ಜೊತೆ, ಅದೂ ಬೆರಳೆಣಿಸಿ.

ಒಂದು ಭಾನುವಾರ ನಮ್ಮ ಚರ್ಚಿನ ಗೇಟಿನಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ನಿಂತಿದ್ದರು. ಕೊರಳಲ್ಲಿ ಜಪಮಾಲೆ. ಕೆಥೊಲಿಕರು ನಮ್ಮ ಗೇಟಿನಲ್ಲಿ ಯಾಕೆ ನಿಂತಿದ್ದಾರೆ ಎಂದು ನಾನು ನೋಡುತ್ತಿರುವಾಗಲೇ ಅವರು ನನ್ನ ಕೈ ಹಿಡಿದುಕೊಂಡು, ತೆಲುಗಿನಲ್ಲಿ ಏನೇನೋ ಹೇಳಿ, ಕೊನೆಗೆ “ರಂಡಮ್ಮಾ, ತಪ್ಪಕ ರಂಡಿ” ಎಂದರು. ನಮ್ಮೂರಲ್ಲಿ ಆ ಮಾತನ್ನು ಯಾರಾದರೂ ಆಡಿದ್ದರೆ ಓಣಿಯೇ ಸೇರುವಂಥ ಜಗಳವಾಗುತ್ತಿತ್ತು. ಶನಿವಾರ ಮಧ್ಯಾಹ್ನ ತಮ್ಮ ಮನೆಗೆ ಕರೆಯುತ್ತಿದ್ದಾರೆ, ತೆಲುಗಿನಲ್ಲಿ ಅದು “ಬನ್ನಿ” ಎಂದು ಗಂಡ ಬಿಡಿಸಿ ಹೇಳುವವರೆಗೆ ನನ್ನ ಮುಖ ಸರಿಹೋಗಲಿಲ್ಲ.

ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾದ ನರ್ಸ್. ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ತಮ್ಮ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು ವಾರಕ್ಕೊಂದು ಚರ್ಚಿನ ಗೇಟಿಗೆ ಹೋಗಿ ನಿಂತು ಅವರು ಆಳು ಕೂಡಿಸಿದ್ದರು. ಶನಿವಾರ ಅವರ ಗವರ್ನರ್‌ಪೇಟೆಯ ಮನೆಯಲ್ಲಿ, ಬಟ್ಟೆಯ ಅಂಗಡಿಗಳ ಹಿಂದೆ, ಏಳೆಂಟು ಜನ ಸೇರಿ ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸುವುದು, ಅದನ್ನು ದೊಡ್ಡಾಸ್ಪತ್ರೆಗೆ ಒಯ್ದು ರೋಗಿಗಳ ಜೊತೆ ಹಳ್ಳಿಗಳಿಂದ ಬಂದವರಿಗೆ ಬಡಿಸುವುದು. ಪಾದ್ರಿಗಳಾಗಲಿ ಪಾಸ್ಟರುಗಳಾಗಲಿ ಇದರಲ್ಲಿ ಇರಲಿಲ್ಲ. ಕೆಥೊಲಿಕರು, ಲುಥೆರನರು, ನಮ್ಮಂಥವರು, ಮತ್ತೆ ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ ಇಟ್ಟುಕೊಂಡಿದ್ದ ಒಬ್ಬ ಬ್ಯಾಪ್ಟಿಸ್ಟ್ ಮೇಸ್ತ್ರಿ. ಪಾತ್ರೆ ಸಾಗಿಸುವ ವ್ಯಾನು ಅವರದೇ.

ಮೊದಮೊದಲು ಪ್ರಾರ್ಥನೆಯದೇ ತಕರಾರಾಗಿತ್ತಂತೆ. ಮೇಸ್ತ್ರಿ ಕಣ್ಣು ಮುಚ್ಚಿದರೆ ಗಂಜಿ ಆರಿ ಕೆನೆಗಟ್ಟುವವರೆಗೆ ತೆರೆಯುತ್ತಿರಲಿಲ್ಲ. ನರ್ಸಮ್ಮ ಶಿಲುಬೆಯ ಗುರುತು ಹಾಕಿದರೆ ಇಬ್ಬರು ಮೂವರಿಗೆ ಮುಜುಗರ. ಕೊನೆಗೆ ಎಲ್ಲರಿಗೂ ಬರುವ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯೊಂದೇ ಸಾಕೆಂದು ತೀರ್ಮಾನಿಸಿದ್ದರು. ಅದರಲ್ಲೂ ಪ್ರಾಟೆಸ್ಟಂಟರಾದ ನಮ್ಮದಕ್ಕೆ ಕೊನೆಯಲ್ಲಿ ಒಂದು ಸಾಲು ಹೆಚ್ಚು. ನಾವು ಆ ಸಾಲಿನಲ್ಲಿರುವಾಗಲೇ ನರ್ಸಮ್ಮ ಆಮೆನ್ ಹೇಳಿ ಸೌಟು ಎತ್ತಿರುತ್ತಿದ್ದರು.

ನನಗೆ ಈರುಳ್ಳಿ ಹೆಚ್ಚುವ ಕೆಲಸ ಕೊಟ್ಟರು. ಮಾತು ಬಾರದವಳಿಗೆ ಬೇರೆ ಯಾವ ಕೆಲಸ ಕೊಟ್ಟಾರು? ಆಸ್ಪತ್ರೆಯಲ್ಲಿ ಉಳಿದವರೆಲ್ಲ ಬಡಿಸುತ್ತ ಜನರ ಕಷ್ಟಸುಖ ಕೇಳುತ್ತಿದ್ದರೆ ನಾನು ಲೋಟ ತೊಳೆದು ಕೊಡುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು. ನಾನು ಹೋಗದಿದ್ದರೆ ಯಾರಿಗೇನು ಕೊರತೆಯಾದೀತು ಎಂದು ಎಷ್ಟೋ ಶನಿವಾರ ಅನ್ನಿಸಿದ್ದುಂಟು. ಗಂಡನೂ, “ವಾರಕ್ಕೊಂದ ಸಲ ಆ ಬಿಸಿಲಾಗ ಹೋಗಿ ಉಳ್ಳಾಗಡ್ಡಿ ಹೆಚ್ಚಿ ಬರೋದು ಏನು ಸೇವಾ?” ಎಂದು ಕೇಳುತ್ತಿದ್ದರು.

ಎರಡನೆಯ ವರ್ಷದ ಬೇಸಿಗೆ. ಒಂದು ಮಂಗಳವಾರ ಬೆಳಿಗ್ಗೆ ನರ್ಸಮ್ಮ ರಿಕ್ಷಾದಲ್ಲಿ ನಮ್ಮ ಮನೆಗೆ ಬಂದರು. ಹಿಂದೆಂದೂ ಬಂದವರಲ್ಲ.

“ಹೊರಡಿ ಅಮ್ಮಾ. ಹೆಂಗಸರ ವಾರ್ಡಿನಲ್ಲಿ ಒಬ್ಬಳಿದ್ದಾಳೆ. ಕಾಲು ಮುರಿದಿದೆ. ಹತ್ತು ದಿನವಾಯಿತು, ಯಾರ ಹತ್ತಿರವೂ ಮಾತಿಲ್ಲ. ಮೂಗಿ ಅಂತ ಬರೆದುಕೊಂಡಿದ್ದಾರೆ.”

“ನಾನು ಬಂದು ಏನು ಮಾಡಲಿ?” ಎಂದೆ ನನ್ನ ಹರಕು ತೆಲುಗಿನಲ್ಲಿ.

“ನಿನ್ನೆ ಅವಳನ್ನು ಹೊರಳಿಸುವಾಗ ನೋವಿಗೆ ‘ಯವ್ವಾ’ ಅಂದಳು. ನಮ್ಮವರು ‘ಅಮ್ಮಾ’ ಅಂತಾರೆ. ಹೋದ ತಿಂಗಳು ನಿಮ್ಮ ಕೈ ಮೇಲೆ ಬಿಸಿ ಗಂಜಿ ಸಿಡಿದಾಗ ನೀವು ‘ಯವ್ವಾ’ ಅಂದಿರಿ. ನನಗೆ ನೆನಪಿದೆ.”

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂವತ್ತರ ಒಳಗಿನವಳು, ಒಂದು ಕಾಲಿಗೆ ತೊಡೆಯವರೆಗೆ ಪ್ಲಾಸ್ಟರು. ನಾನು ಮಂಚದ ಪಕ್ಕ ಕೂತು, ಏನು ಕೇಳುವುದೆಂದು ತೋಚದೆ, ನಮ್ಮೂರಲ್ಲಿ ಯಾರನ್ನೇ ಕಂಡರೂ ಮೊದಲು ಕೇಳುವುದನ್ನೇ ಕೇಳಿದೆ.

“ಯಾವೂರವ್ವಾ ನಿಂದು?”

ಅವಳ ಬೆನ್ನು ಅಲುಗಿತು. ನಿಧಾನವಾಗಿ ಕತ್ತು ತಿರುಗಿಸಿ ನನ್ನ ಮುಖವನ್ನೇ ನೋಡಿದಳು.

“ನಮ್ಮ ಮಾತ ಬರ್ತೈತೇನಕ್ಕಾ ನಿನಗ?”

“ನಂದೂ ಅದಾ ಮಾತು. ಗದಗ ನಮ್ಮೂರು.”

ಅವಳು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೊದಲು ಅತ್ತಳು, ಆಮೇಲೆ ಮಾತಾಡಿದಳು. ಮಧ್ಯಾಹ್ನದವರೆಗೂ ಮಾತು ನಿಲ್ಲಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯವಳು. ಗಂಡ ತೀರಿಹೋಗಿದ್ದ. ಇಬ್ಬರು ಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು, ರಸ್ತೆಯ ಪಕ್ಕ ಕಾಲುವೆ ತೋಡುವ ಕೂಲಿ ಗುಂಪಿನೊಂದಿಗೆ ಬಂದಿದ್ದಳು. ಕೂಲಿಗಳನ್ನು ಒಯ್ಯುತ್ತಿದ್ದ ಲಾರಿ ತಿರುವಿನಲ್ಲಿ ಜಗ್ಗಿದಾಗ ಹಿಂದಿನಿಂದ ಕೆಳಗೆ ಬಿದ್ದಳು. ಗುಂಪನ್ನು ಕೂಲಿಗೆ ಕರೆತಂದಿದ್ದ ಮುಕಾದಮ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ನಾಳೆ ಬರುತ್ತೇನೆಂದು ಹೇಳಿ ಹೋದವನು ಮತ್ತೆ ಬರಲಿಲ್ಲ.

“ಮತ್ತ ಯಾಕ ಯಾರ ಕೂಡಾನೂ ಮಾತಾಡ್ಲಿಲ್ಲ?” ಎಂದು ಕೇಳಿದೆ.

“ಈ ವಾರ್ಡಿಗೆ ತರೂಕಿಂತ ಮೊದ್ಲ ಎರಡು ದಿನ ಮಾತಾಡಿದ್ನೆಕ್ಕಾ. ನಾ ಅಂದದ್ದು ಅವ್ರಿಗೆ ತಿಳೀಲಿಲ್ಲ, ಅವ್ರು ಅಂದದ್ದು ನನಗ ತಿಳೀಲಿಲ್ಲ. ಗ್ವಾಡಿ ಕೂಡ ಮಾತಾಡಿದಂಗಾತು. ಅದಕ್ಕ ಗ್ವಾಡಿ ಕಡೀಗೇ ಹೊಳ್ಳಿ ಮಕ್ಕೊಂಡೆ.”

ಅವಳು ಮಲಗಿದ್ದು ಹತ್ತು ದಿನ, ನಾನು ಎರಡು ಕೋಣೆಗಳಲ್ಲಿ ಕೂತಿದ್ದು ಒಂದು ವರ್ಷ. ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಹಳ್ಳಿಯ ಶಾಲೆಯ ಮಾಸ್ತರಿಗೆ ಒಂದು ಕಾರ್ಡು ಬರೆಯಬೇಕೆಂದಿದ್ದೆ. ಗಂಡ, “ಕಾರ್ಡು ಯಾವಾಗ ಮುಟ್ಟತೈತೋ ಏನೋ. ಲಿಂಗಸೂರಿನ್ಯಾಗ ನಮ್ಮ ಬ್ಯಾಂಕಿನ ಶಾಖೆ ಐತಿ. ನಾಳೆ ಟ್ರಂಕ್ ಕಾಲ್ ಮಾಡ್ತೀನಿ” ಎಂದರು. ಮರುದಿನ ಅರ್ಧ ದಿನ ಕಾದು ಲೈನು ಹಿಡಿದರು. ಅಲ್ಲಿಯ ಗುಮಾಸ್ತರೊಬ್ಬರು ವಿಷಯ ಬರೆದುಕೊಂಡು, ಆ ಹಳ್ಳಿಯ ಕಡೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸುವುದಾಗಿ ಒಪ್ಪಿದರು.

ಅಷ್ಟರಲ್ಲಿ ಡಾಕ್ಟರು, ಇನ್ನು ಮನೆಯಲ್ಲಿದ್ದೇ ಗುಣವಾಗಬಹುದು, ಮಂಚ ಬೇರೆಯವರಿಗೆ ಬೇಕು ಎಂದರು. ಅವಳ ಮನೆ ಎಲ್ಲಿ? ನರ್ಸಮ್ಮನ ಮನೆಗೆ ಕಡಿದಾದ ಮೆಟ್ಟಿಲುಗಳು. ಎಲ್ಲರೂ ಯೋಚಿಸುತ್ತಿದ್ದರು, ನನ್ನದು ಕೆಳಗಿನ ಮನೆಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪರಿಚಯವಿಲ್ಲದವಳು, ಇರುವುದೇ ಎರಡು ಕೋಣೆ, ಮನೆಯ ಒಡೆಯರು ಏನೆಂದಾರೋ ಎಂದೆಲ್ಲ ನನ್ನ ಮನಸ್ಸು ಲೆಕ್ಕ ಹಾಕಿತು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ರಾತ್ರಿ ಕಳೆದ ಮೇಲೆಯೇ ನಾನು ಹ್ಞೂಂ ಎಂದದ್ದು.

ಮೇಸ್ತ್ರಿ ತಮ್ಮ ವ್ಯಾನಿನಲ್ಲಿ ಅವಳನ್ನು ಕರೆತಂದರು. ಕಬ್ಬಿಣದ ಪೈಪು ಬಗ್ಗಿಸಿ, ಕಂಕುಳಿಗೆ ಚುಚ್ಚದಂತೆ ಮೇಲೆ ಸ್ಕೂಟರ್ ಟ್ಯೂಬು ಸುತ್ತಿ, ಎರಡು ಊರುಗೋಲು ಬೆಸುಗೆ ಹಾಕಿ ತಂದಿದ್ದರು. ಅವಳ ಎತ್ತರ ಅಳೆದಿರಲಿಲ್ಲ. ಒಂದು ಗೇಣು ಉದ್ದವಾಯಿತು. ಅಲ್ಲೇ ಅಂಗಳದಲ್ಲಿ ಗರಗಸ ಹಿಡಿದು ಕೂತು ಕೊಯ್ದರು. ಮೇಲೆ ವಾಸವಿದ್ದ ಮನೆಯೊಡತಿ ಸದ್ದಿಗೆ ಇಳಿದುಬಂದರು. ನಾನು ಹೆದರುತ್ತ ನಿಂತಿದ್ದರೆ, ಅವರು ಒಳಗೆ ಇಣುಕಿ ನೋಡಿ, “ದಿಂಬು ಸಾಲದು, ಕಾಲು ಎತ್ತರದಲ್ಲಿರಬೇಕು” ಎಂದು ಮೇಲಿನಿಂದ ಎರಡು ದಿಂಬು ತಂದುಕೊಟ್ಟರು.

ಅವಳು ಕೈಕಟ್ಟಿ ಕೂರುವವಳಲ್ಲ. ಕಾಲು ಚಾಚಿಕೊಂಡೇ ಅಕ್ಕಿ ಆರಿಸುವಳು, ಬೆಳ್ಳುಳ್ಳಿ ಸುಲಿಯುವಳು. ಒಂದು ದಿನ, “ಅಕ್ಕಾ, ಅನ್ನ ಉಂಡುಂಡು ಬಾಯಿ ಸಪ್ಪಗಾಗೈತಿ. ಜ್ವಾಳ ಸಿಗೂದಿಲ್ಲೇನು ಈ ಊರಾಗ?” ಎಂದಳು. ಮೇಸ್ತ್ರಿಗೆ ಹೇಳಿದೆ. ಅವರು ಹೆಂಡತಿಯ ತವರಿನಿಂದ ಒಂದು ಚೀಲ ಬಿಳಿಜೋಳ ತರಿಸಿ, ಬೀಸಿಸಿ ಹಿಟ್ಟನ್ನೇ ತಂದಿಟ್ಟರು. ಆ ಶನಿವಾರ ಆಸ್ಪತ್ರೆಯಿಂದ ನೇರವಾಗಿ ಎಲ್ಲರೂ ನಮ್ಮ ಮನೆಗೆ ಬಂದರು. ಅವಳು ಸ್ಟೌವನ್ನು ನೆಲದ ಮೇಲೆ ಇಡಿಸಿಕೊಂಡು ರೊಟ್ಟಿ ಬಡಿಯುತ್ತಿದ್ದರೆ, ನರ್ಸಮ್ಮ ಆ ಕೈಗಳನ್ನೇ ನೋಡುತ್ತ ಕೂತಿದ್ದರು.

ಊಟದ ಮುಂಚಿನ ನಮ್ಮ ಪ್ರಾರ್ಥನೆ ಕೇಳಿದ ಮೇಲೆ ಅವಳು ನನ್ನನ್ನು ಕೇಳಿದಳು: “ಅಲ್ಲಕ್ಕಾ, ಇವ್ರೆಲ್ಲಾ ಒಂದಾ ದ್ಯಾವ್ರಿಗೆ ನಡ್ಕೊಳ್ಳಾವ್ರು ಅಂತೀ. ಮತ್ತ ಗುಡಿ ಯಾಕ ಬ್ಯಾರೆ ಬ್ಯಾರೆ?”

ನಾನು ಅದನ್ನು ತೆಲುಗಿಗೆ ತಿರುಗಿಸಿ ಹೇಳಿದೆ. ಮೇಸ್ತ್ರಿ, “ಇದಕ್ಕೆ ಉತ್ತರ ಬೇಕಾದರೆ ನಮ್ಮ ಪಾಸ್ಟರುಗಳನ್ನು ಕೂರಿಸಿ ಕೇಳಬೇಕು ತಾಯೀ. ಅಲ್ಲಿಯವರೆಗೆ ರೊಟ್ಟಿ ಆರಿಹೋಗುತ್ತದೆ, ಹಾಕು” ಎಂದು ತಟ್ಟೆ ಮುಂದೆ ಮಾಡಿದರು. ನರ್ಸಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಟ್ರಂಕ್ ಕಾಲ್ ಮಾಡಿ ಮೂರು ವಾರವಾಗುತ್ತ ಬಂದಾಗ ಅವಳ ಅಣ್ಣ ಬಂದ. ಬಿಸಿಲಿನಲ್ಲಿ ಕಪ್ಪಾದ ಮುಖ, ಹೆಗಲ ಮೇಲೆ ಶೇಂಗಾದ ಗಂಟು. ಬ್ಯಾಂಕಿನಿಂದ ನನ್ನ ಗಂಡನೇ ಅವನನ್ನು ಮನೆಗೆ ಕರೆದುಕೊಂಡು ಬಂದರು. ಅವನು ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ನಿಂತು ತಂಗಿಯ ಮುಖ ನೋಡಿದ, ಆಮೇಲೆ ಪ್ಲಾಸ್ಟರು ನೋಡಿದ, ಅಲ್ಲೇ ಕುಸಿದು ಕೂತ. ನಾನು ತಂದುಕೊಟ್ಟ ನೀರನ್ನೂ ಮುಟ್ಟಲಿಲ್ಲ.

“ನೀ ಯಾರೋ ಒಬ್ಬಾವನ ಸಂಗಡ ಓಡಿ ಹೋದಿ ಅಂತ ಆ ಮುಕಾದಮ ಊರಾಗ ಹೇಳ್ಯಾನ” ಎಂದ, ತಲೆ ಎತ್ತದೆ. ಸ್ವಲ್ಪ ಹೊತ್ತಿನ ಮೇಲೆ, “ನಾ ನಂಬಿದ್ದೆ” ಎಂದ.

ಅವಳು ಕೂತಲ್ಲಿಂದಲೇ ಅಣ್ಣನನ್ನು ನೋಡಿದಳು.

“ನಂಬಿದ್ರ ನೀ ಬರ್ತಿದ್ದಿಲ್ಲ ಬಿಡು” ಎಂದಳು. “ಹುಡುಗ್ರು ಹೆಂಗದಾವು?”

“ಅದಾವು. ಸಣ್ಣದು ದಿನಾ ಕೇಳತೈತಿ.”

“ನೀರು ಕುಡಿ.”

ಅವನು ಕುಡಿದ. ಅಷ್ಟರಲ್ಲಿ ಅಣ್ಣ ತಂಗಿಯರ ನಡುವಿನ ಮಾತು ಮುಗಿಯಿತು. ನಾನು ಅಡುಗೆಮನೆಗೆ ಹೋಗಿ ಇನ್ನೊಬ್ಬರಿಗೂ ಸೇರಿಸಿ ಅಕ್ಕಿ ಅಳೆದೆ.

ಮತ್ತೆರಡು ವಾರ ಅಣ್ಣನೂ ನಮ್ಮಲ್ಲೇ ಉಳಿದ, ಪ್ಲಾಸ್ಟರು ಬಿಚ್ಚಿಸಿದ ಮೇಲೆ ಇಬ್ಬರೂ ಗುಂತಕಲ್ ಕಡೆಯ ಗಾಡಿ ಹತ್ತಿದರು. ಗುಂಪಿನವರೆಲ್ಲ ಸ್ಟೇಷನ್ನಿಗೆ ಬಂದಿದ್ದರು. ಮೇಸ್ತ್ರಿ ಜನರ ನಡುವೆ ನುಗ್ಗಿ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟರು. ಅವಳು ನರ್ಸಮ್ಮನ ಕೈಯನ್ನು ಹಣೆಗೆ ಒತ್ತಿಕೊಂಡು, ಕಲಿತಿದ್ದ ನಾಲ್ಕಾರು ತೆಲುಗು ಮಾತುಗಳಲ್ಲಿ ಒಂದನ್ನು ಹೇಳಿದಳು: “ವೆಳ್ಳೊಸ್ತಾನಮ್ಮಾ.” ಹೋಗಿ ಬರುತ್ತೇನೆ ಎಂದು. ನನಗೆ ಹೇಳಿದ್ದು ಕನ್ನಡದಲ್ಲೇ: “ಹೋಗಿ ಬರ್ತೀನಕ್ಕಾ. ಹುಡುಗರಿಗೆ ನಿನ್ನ ಹೆಸರು ಹೇಳ್ತೀನಿ.” ಮಳೆಗಾಲದಲ್ಲಿ ಬ್ಯಾಂಕಿನ ವಿಳಾಸಕ್ಕೆ ಒಂದು ಕಾರ್ಡು ಬಂತು, ಯಾರದೋ ಕೈಬರಹ. ಕುಂಟದೆ ನಡೆಯುತ್ತಿದ್ದಾಳೆ, ಮುಕಾದಮನನ್ನು ಹಿರಿಯರು ಚಾವಡಿಗೆ ಕರೆಸಿ ಎಲ್ಲರ ಮುಂದೆ ತಪ್ಪೊಪ್ಪಿಸಿದರು ಎಂದಿತ್ತು.

ಅಲ್ಲಿಂದ ಮುಂದೆ ನರ್ಸಮ್ಮ ನನಗೆ ಈರುಳ್ಳಿ ಕೊಡಲಿಲ್ಲ. “ನೀವು ವಾರ್ಡಿಗೆ ಹೋಗಿ ಮಾತಾಡಿ” ಎಂದರು. ತೆಲುಗು ತಪ್ಪುತ್ತಿತ್ತು, ರೋಗಿಗಳೇ ತಿದ್ದುತ್ತಿದ್ದರು. ತಿದ್ದುವ ನೆಪದಲ್ಲಿ ಅವರ ಮಾತೂ ಬೆಳೆಯುತ್ತಿತ್ತು. ಗಂಡ ಪಾತ್ರೆಯ ಇನ್ನೊಂದು ಹಿಡಿಕೆ ಹಿಡಿಯಲು ಬರತೊಡಗಿದರು. ಬರುವಂತೆ ನಾನು ಕೇಳಿರಲಿಲ್ಲ. ನಾನು ಈಗ ಆಡುವ ತೆಲುಗೆಲ್ಲ ಆ ವಾರ್ಡಿನದು, ಆ ಊರು ನನಗೆ ಕೊಟ್ಟದ್ದು.

ತೊಂಬತ್ತರ ಆರಂಭದಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಷ್ಟೊತ್ತಿಗೆ ನನ್ನ ಮಗಳಿಗೆ ಎರಡು ವರ್ಷ. ಮತ್ತೆ ಗುರುತಿಲ್ಲದ ಊರು, ಮತ್ತೆ ಮೊದಲಿನಿಂದ ಎಂದುಕೊಂಡೇ ಗಾಡಿ ಹತ್ತಿದೆ. ವಿಶಾಖಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಸಾಮಾನು ಎಣಿಸುತ್ತಿದ್ದಾಗ ಹತ್ತಿ ಸೀರೆಯ ಹೆಂಗಸೊಬ್ಬರು ನೇರ ನಮ್ಮ ಕಡೆಗೇ ಬಂದರು. ಅವರ ಚರ್ಚು ನರ್ಸಮ್ಮನದೂ ಅಲ್ಲ, ನಮ್ಮದೂ ಅಲ್ಲ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ಒಂದು ಫ್ಲಾಸ್ಕು.

“ವಿಜಯವಾಡದ ನರ್ಸಮ್ಮ ಕಾಗದ ಬರೆದಿದ್ದರು” ಎಂದರು. “ಮೊದಲು ಮಗುವಿಗೆ ಹಾಲು ಕುಡಿಸಿ. ಇಲ್ಲಿ ಬುಧವಾರ ನಮ್ಮ ಗಂಜಿಯ ಕೆಲಸ, ಈ ವಾರ ಬೇಡ, ಮುಂದಿನ ವಾರದಿಂದ ಬನ್ನಿ.”

ನಾನು ಮುಚ್ಚಳ ಬಿಚ್ಚಿದೆ. ಹಾಲು ಇನ್ನೂ ಬಿಸಿಯಾಗಿತ್ತು.