ಕಬ್ಬಿಣದ ಭಸ್ಮ

ನಿಜಾಮರ ಆಳ್ವಿಕೆಯ ಕೊನೆಗಾಲದ ಮಾತು. ಅವ್ವ ಮೊದಲು ಬಿಳಿಚಿಕೊಂಡಳು. ಆಮೇಲೆ ಕಣ್ಣು ಹಳದಿಯಾದವು, ಕಾಲು ಬಾತವು, ಹೊಟ್ಟೆ ಉಬ್ಬಿತು. ದಿನವಿಡೀ ಕುರಿಗಳ ಹಿಂದೆ ತಿರುಗುತ್ತಿದ್ದವಳು ಅಂಗಳ ದಾಟಿದರೆ ಏದುಸಿರು ಬಿಡುತ್ತಿದ್ದಳು. ಕಾಮಣಿ, ಅಂದರೆ ಕಾಮಾಲೆ ಎಂದು ಕಲ್ಯಾಣದಲ್ಲಿ ಮುಂಗೈಗೆ ಬರೆ ಹಾಕಿಸಿದ್ದೂ ಆಗಿತ್ತು. ಸುದ್ದಿ ಕೇಳಿ ಗಂಡನ ಮನೆಯಿಂದ ಓಡಿ ಬಂದೆ. ಸುಮ್ಮನೆ ಕೂಡುವ ಜಾತಿಯಲ್ಲ ನಾನು. ಅಣ್ಣನ ಮೇಲೆ ಹರಿಹಾಯ್ದು ಮಂಠಾಳದ ವೈದ್ಯರನ್ನು ಕರೆಸಿದೆ.

ಮೈಯಲ್ಲಿ ರಕ್ತವೇ ಇಲ್ಲ ಎಂದು ಅವರು ಕಬ್ಬಿಣದ ಕಿಟ್ಟ ಸುಟ್ಟು ಮಾಡಿದ ಭಸ್ಮ ಕೊಟ್ಟರು. ಜೇನಿನಲ್ಲಿ ಕಲಸಿ ನೆಕ್ಕಬೇಕು. ಮಲ ಕಪ್ಪಗಾದರೆ ಹೆದರಬೇಡಿ, ಔಷಧ ಹತ್ತಿತೆಂದೇ ತಿಳಿಯಿರಿ ಎಂದರು.

ಅಂದಿನಿಂದ ನನಗೆ ಅದೊಂದೇ ಧ್ಯಾನ. ನಸುಕಿನಲ್ಲಿ ಅವ್ವ ಬಯಲಿಗೆ ಹೋಗಿ ಬಂದ ಕೂಡಲೇ ಬಾಗಿಲಲ್ಲೇ ಕೇಳುತ್ತಿದ್ದೆ. ಕಪ್ಪಗೇ ಅದ ಅನ್ನುತ್ತಿದ್ದಳು. ನನಗೆ ಹಬ್ಬ. ಹುಮನಾಬಾದಿನ ದವಾಖಾನೆಗೆ ಕರೆದೊಯ್ಯೋಣ ಎಂದ ಅಣ್ಣನಿಗೆ, ಹತ್ತಿದ ಔಷಧ ಬಿಡಿಸಬೇಡ ಎಂದು ಬಾಯಿ ಮುಚ್ಚಿಸಿದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಇಪ್ಪತ್ತನೆಯ ದಿನ ಅವ್ವ ನಿಂತಲ್ಲೇ ಕುಸಿದಳು. ಬಂಡಿ ಕಟ್ಟಿದೆವು. ದಾರಿಯುದ್ದಕ್ಕೂ ಅವಳ ಮೂಗಿನ ಹತ್ತಿರ ಬೆರಳಿಟ್ಟೇ ಕೂತಿದ್ದೆ; ಎತ್ತು ನಿಧಾನಿಸಿದರೆ ಅಣ್ಣನನ್ನು ಬೈದೆ.

ಡಾಕ್ಟರು ಹೊಟ್ಟೆ ಒತ್ತಿದರು, ಬೆರಳು ಚುಚ್ಚಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜಿಗರ್, ಅಂದರೆ ಯಕೃತ್ತು, ಬಹುಕಾಲದಿಂದ ಕೆಟ್ಟಿದೆ. ರಕ್ತದ ಕೆಂಪು ಕಣ ಕಡಿಮೆ, ಇದ್ದವೂ ಆಕಾರಗೆಟ್ಟಿವೆ ಎಂದರು. ಆಮೇಲೆ ಮಲದ ಬಣ್ಣ ಕೇಳಿದರು. ಗಂಡಸರ ಮುಂದೆ ಆ ಮಾತೇ? ಅವ್ವ ತಲೆ ತಗ್ಗಿಸಿದಳು. ಕಪ್ಪು, ಭಸ್ಮದ್ದು ಎಂದು ನಾನೇ ಹೇಳಿದೆ. ಹೇಳುವಾಗ ಹೆಮ್ಮೆಯೂ ಇತ್ತು, ಸುಳ್ಳೇಕೆ.

ಭಸ್ಮ ಎಷ್ಟು ದಿನ ತಗೊಂಡಿರಿ ಎಂದು ಅವರು ಅವ್ವನನ್ನೇ ಕೇಳಿದರು.

"ಎರಡ ದಿನರಿ. ವಾಂತಿ ಬರತಿತ್ತು. ಉಳದದ್ದು ಒಲಿಯಾಗ ಸುರುವಿದೆ."

ಡಾಕ್ಟರು ನನ್ನ ಕಡೆ ತಿರುಗಿದರು. "ಅದು ಭಸ್ಮದ ಬಣ್ಣ ಅಲ್ಲ ತಂಗಿ. ಒಳಗ ರಕ್ತ ಸೋರಾಕತ್ತದ."

ಯಾಕೆ ಹೇಳಲಿಲ್ಲ ಎಂದು ಅವ್ವನ ತೋಳು ಹಿಡಿದು ಅಲುಗಿಸಿದೆ.

"ಕಪ್ಪಗದ ಅಂದ್ರ ನೀ ನಗತಿದ್ದೆಲ್ಲವ್ವಾ," ಅಂದಳು. "ಬಂದಾಗಿಂದ ಅಷ್ಟಕ್ಕೇ ನಕ್ಕಿದ್ದಿ ನೀ."

ಮೂರನೆಯ ದಿನ ಅವಳ ಹೆಣ ಮನೆಗೆ ತಂದೆವು. ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.